ಸಂತನ ಮುಖವೂ ಬಡಿಗನ ಉಳಿಯೂ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟರೆ ಬಯಲು ಮುಗಿದು ಮಲೆನಾಡು ಮೊದಲಾಗುವುದನ್ನು ಕಾಣುತ್ತೇವೆ. ಆ ಕಾಡಿನಾಚೆ ಘಟ್ಟವಿಳಿದರೆ ಗೋವೆ. ಅಲ್ಲಿಂದ ಮೇಲೆ ಬಂದು ನೆಲಸಿದ ಕೊಂಕಣಿ ಕ್ರೈಸ್ತರು ತಮ್ಮೊಡನೆ ಪ್ರಾರ್ಥನೆಗಳನ್ನು ಮಾತ್ರವಲ್ಲದೆ ಮರದ ಪ್ರತಿಮೆಗಳ ಭಕ್ತಿಯನ್ನೂ ತಂದರು. ಬೆಳಗಾವಿಯ ಧರ್ಮಪ್ರಾಂತವು ಗೋವೆಯಿಂದ ಬೇರ್ಪಟ್ಟುದು 1953ರಲ್ಲಿ. ಆದಕಾರಣ ಈ ಪ್ರತಿಮೆಗಳ ಕಥೆಯನ್ನು ಗೋವೆಯಿಂದಲೇ ತೊಡಗಬೇಕಾಗುತ್ತದೆ.

ಚೆನ್ನಾಗಿ ಒಣಗಿದ ದಿಮ್ಮಿಯಲ್ಲಿ ಮೊದಲು ಒರಟಾದ ಆಕಾರವನ್ನು ತೆಗೆಯುವರು. ದೊಡ್ಡ ಪ್ರತಿಮೆಯಾದರೆ, ಸೀಳು ಬಿಡದಿರಲೆಂದು ಬೆನ್ನನ್ನು ಟೊಳ್ಳುಮಾಡುವರು. ಮೇಲೆ ಸುಣ್ಣ ಮತ್ತು ಅಂಟಿನ ಲೇಪ, ಅದರ ಮೇಲೆ ಬಣ್ಣ, ಚಿನ್ನದ ರೇಕು. ಈ ಕೆಲಸ ನಮ್ಮ ಬಡಿಗರಿಗೆ ಹೊಸತಾಗಿರಲಿಲ್ಲ. ಬೆಳಗಾವಿಯ ಸೀಮೆಯ ಗ್ರಾಮದೇವತೆಯರನ್ನೂ ಮರದಲ್ಲಿ ಕೆತ್ತಿ ಬಣ್ಣವಿಡುವುದುಂಟಷ್ಟೆ. 1567ರಲ್ಲಿ ಗೋವೆಯ ಧರ್ಮಸಭೆಯು ಕ್ರೈಸ್ತರಲ್ಲದ ಕುಶಲಿಗಳು ಕ್ರೈಸ್ತ ಪೂಜಾವಸ್ತುಗಳನ್ನು ಮಾಡಬಾರದೆಂದು ವಿಧಿಸಿತು. ನಿಷೇಧವು ಬೇಕಾಯಿತೆಂದ ಮೇಲೆ ಕೆಲಸ ನಡೆಯುತ್ತಿದ್ದಿತೆಂದೇ ಅರ್ಥ! ಮಾದರಿಗಳೇನೋ ಯೂರೋಪಿನವು, ಸಂತರ ಮೂಗು, ಗಡ್ಡ, ನಿಲುವು ಅಲ್ಲಿಯವೇ. ಆದರೆ ಕಣ್ಣಿನ ನೀಳದಲ್ಲಿ, ಉಡುಪಿನ ನಿರಿಗೆಯಲ್ಲಿ ಈ ನೆಲದ ಕೈ ಎಷ್ಟೋ ಸಲ ತಾನಾಗಿಯೇ ತೋರಿಬಿಡುತ್ತದೆ. ಆ ಕೈಗಳ ಒಡೆಯರ ಹೆಸರನ್ನು ಬಹುಮಟ್ಟಿಗೆ ಯಾರೂ ಬರೆದಿಡಲಿಲ್ಲ.

ಹೀಗೆ ಪರದೇಶದ ಮುಖಗಳನ್ನೇ ಕೆತ್ತುತ್ತಿದ್ದ ನಾಡಿನಲ್ಲಿ 1651ರಲ್ಲಿ ಬಾಣಾವಲಿಯ ಕೊಂಕಣಿ ಮನೆಯೊಂದರಲ್ಲಿ ಜೋಸೆಫ್ ವಾಜ್ ಹುಟ್ಟಿದರು. 1681ರಿಂದ ಕೆಲವು ವರ್ಷ ಮಂಗಳೂರು, ಬಸರೂರು, ಗಂಗೊಳ್ಳಿಗಳಲ್ಲಿ ದುಡಿದರು. 1687ರಲ್ಲಿ, ಕಥೋಲಿಕ ಪಾದ್ರಿಗಳಿಗೆ ಡಚ್ಚರು ಬಾಗಿಲು ಮುಚ್ಚಿದ್ದ ಸಿಂಹಳಕ್ಕೆ ಕೂಲಿಯವನ ವೇಷದಲ್ಲಿ ಹೋದರು. ಕ್ಯಾಂಡಿಯ ಅರಸನು ಗೂಢಚಾರನೆಂದು ಶಂಕಿಸಿ ಸೆರೆಯಲ್ಲಿಟ್ಟನು. ಕ್ರಮೇಣ ಅವನೇ ಆಶ್ರಯವಿತ್ತನು. ಸಿಡುಬು ಹಬ್ಬಿದಾಗ ರೋಗಿಗಳ ಸೇವೆಗೆ ನಿಂತ ಈ ಪಾದ್ರಿ 1711ರಲ್ಲಿ ಕ್ಯಾಂಡಿಯಲ್ಲಿಯೇ ಕಾಲವಾದರು.

ಧರ್ಮಪೀಠದ ಒಪ್ಪಿಗೆಯಿಲ್ಲದೆ ಯಾರ ಪ್ರತಿಮೆಯನ್ನೂ ಬಹಿರಂಗವಾಗಿ ಪೂಜಿಸಲಾಗದೆಂಬ ನಿಯಮವು ರೋಮಿನಲ್ಲಿ ಆ ಶತಮಾನದಲ್ಲಿಯೇ ನೆಲೆಗೊಂಡಿದ್ದಿತು. ಜೋಸೆಫ್ ವಾಜರಿಗೆ ಪೂಜ್ಯಪದವಿ ದೊರೆತುದು 1995ರಲ್ಲಿ. ಸಂತಪದವಿ 2015ರ ಜನವರಿ 14ರಂದು ಕೊಲಂಬೋದಲ್ಲಿ. ಆದ್ದರಿಂದ ಹಳೆಯ ಪೀಠಗಳಲ್ಲಿ, ಫ್ರಾನ್ಸಿಸ್ ಜೇವಿಯರರ ಪಕ್ಕದಲ್ಲಿ, ಇವರನ್ನು ಅರಸಬಾರದು. ಜೇವಿಯರರಾದರೋ 1622ರಲ್ಲಿಯೇ ಸಂತರಾದವರು. ಅವರನ್ನು ಕೆತ್ತಲು ನಾಲ್ಕು ಶತಮಾನಗಳ ಮಾದರಿಗಳಿವೆ. ವಾಜರಿಗೆ ಕರಿಯ ನಿಲುವಂಗಿ, ಕೈಯಲ್ಲಿ ಶಿಲುಬೆ ಎಂಬಿಷ್ಟು ರೂಢಿಯಾಗಿದೆ. ಮುಖಕ್ಕೆ ಮಾತ್ರ ಬಡಿಗನು ಯೂರೋಪಿನ ಪಟವನ್ನು ನೋಡಬೇಕಾಗಿಲ್ಲ. ಖಾನಾಪುರದ ಸಂತೆಯಲ್ಲಿ ಎದುರಾಗುವ ಕೊಂಕಣಿಗರನ್ನು ನೋಡಿದರೆ ಸಾಕು.