ಹೈಫಾ ಬಂದರಿನಲ್ಲಿ ಮೈಸೂರಿನ ಕುದುರೆಗಳು

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ಶಾಲೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡೆ. ಅದನ್ನು ನನಗಿಂತ ಚೆನ್ನಾಗಿ ಬರೆಯುವ ಗೆಳೆಯರು ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ಸಿ.ಎಸ್. ಪುರದಲ್ಲಿ ಅರ್ಧಕ್ಕೆ ನಿಂತು, ಎಷ್ಟೋ ವರ್ಷಗಳ ನಂತರ ದೂರದ ಕಡಲ ದಂಡೆಯಲ್ಲಿ ಪೂರ್ತಿಯಾದ ಒಂದು ಪಾಠದ ಬಗ್ಗೆ ಬರೆಯುತ್ತೇನೆ.

ಹತ್ತನೇ ತರಗತಿಯಲ್ಲಿ ನಮ್ಮ ಸಮಾಜ ಪಾಠದ ಮೇಷ್ಟ್ರು ಮೊದಲನೇ ಮಹಾಯುದ್ಧದ ಕಾರಣಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಾನು ಎದ್ದು, "ಸಾರ್, ಆ ಯುದ್ಧಕ್ಕೆ ನಮ್ಮ ಕಡೆಯವರು ಯಾರಾದ್ರೂ ಹೋಗಿದ್ರಾ?" ಎಂದು ಕೇಳಿದೆ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. "ನಮ್ಮ ಮಹಾರಾಜರ ಕುದುರೆ ಪಡೆ ಹೋಗಿತ್ತು ಕಣಯ್ಯಾ. ಪುಸ್ತಕದಲ್ಲಿ ಬರೆದಿಲ್ಲ, ಪರೀಕ್ಷೆಗೂ ಬರಲ್ಲ" ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಕೆಲವು ವರ್ಷಗಳ ಹಿಂದೆ ಹನಿ ನೀರಾವರಿ ನೋಡಿಬರಲು ರೈತರ ತಂಡವೊಂದರ ಜೊತೆ ಇಸ್ರೇಲ್‌ಗೆ ಹೋಗಿದ್ದೆ. ಕೊನೆಗೆ ಒಂದು ದಿನ ಬಿಡುವು ಸಿಕ್ಕಿತು. ಉಳಿದವರು ಅಂಗಡಿಗಳ ಕಡೆ ಹೊರಟರು. ನಾವು ಮೂವರು ಟೆಲ್ ಅವೀವ್‌ನಿಂದ ಬೆಳಗಿನ ರೈಲು ಹತ್ತಿದೆವು. ಎಡಕ್ಕೆ ಮೆಡಿಟರೇನಿಯನ್ ಸಮುದ್ರವನ್ನು ನೋಡುತ್ತಾ ಉತ್ತರಕ್ಕೆ ಒಂದು ಗಂಟೆ ಪ್ರಯಾಣ ಮಾಡಿದರೆ ಹೈಫಾ.

ನಮ್ಮ ದೇವರಾಯನದುರ್ಗದ ಬೆಟ್ಟವನ್ನು ಕಡಲ ದಂಡೆಗೆ ತಂದಿಟ್ಟು, ನೆತ್ತಿಯಿಂದ ಬುಡದವರೆಗೆ ಮನೆ ಕಟ್ಟಿದರೆ ಹೇಗಿರುತ್ತದೋ ಹೈಫಾ ಹಾಗಿದೆ. ಆ ಬೆಟ್ಟದ ಹೆಸರು ಕಾರ್ಮೆಲ್. ಇಳಿಜಾರಿನ ನಡುವೆ ಬಹಾಯಿ ಪಂಥದವರ ಚಿನ್ನದ ಬಣ್ಣದ ಗುಮ್ಮಟ, ಅದರ ಮೇಲೂ ಕೆಳಗೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. ಬೆಟ್ಟದ ಮೇಲೆ ನಿಂತರೆ ಬಂದರು, ಹಡಗುಗಳು, ಅರ್ಧಚಂದ್ರದಂಥ ಕೊಲ್ಲಿ, ಅದರ ಆಚೆ ತುದಿಯಲ್ಲಿ ಆಕ್ರೆ ಎಂಬ ಹಳೆಯ ಕೋಟೆಯೂರು, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಅಲ್ಲಿ ನಿಂತಾಗ ಮೇಷ್ಟ್ರ ಮಾತು ನೆನಪಾಯಿತು. ಆ ಕುದುರೆ ಪಡೆ ಬಂದದ್ದು ಇದೇ ಊರಿಗೆ.

1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳವನ್ನೂ ಕಳಿಸಿದರು. ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಸವಾರರೂ ಸೇರಿ ಒಂದು ಬ್ರಿಗೇಡ್ ಆಯಿತು. ಮೊದಲು ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಪ್ಯಾಲೆಸ್ಟೈನ್‌ನ ಯುದ್ಧ. ಆಗ ಹೈಫಾ ತುರ್ಕಿಯ ಆಟೋಮನ್ ಸಾಮ್ರಾಜ್ಯದ ಕೈಯಲ್ಲಿತ್ತು. ಮುಂದೆ ಸಾಗುತ್ತಿದ್ದ ಇಂಗ್ಲಿಷ್ ಸೈನ್ಯಕ್ಕೆ ಸಾಮಾನು ಇಳಿಸಿಕೊಳ್ಳಲು ಈ ಬಂದರು ಬೇಕಾಗಿತ್ತು.

1918ರ ಸೆಪ್ಟೆಂಬರ್ 22ರಂದು ಇಂಗ್ಲಿಷರು ಕವಚದ ಮೋಟಾರುಗಳಲ್ಲಿ ಬಂದು, ಬೆಟ್ಟದ ಮೇಲಿನ ತೋಪುಗಳಿಗೆ ಹೆದರಿ ಹಿಂದಿರುಗಿದ್ದರು. ಮರುದಿನ ಕುದುರೆ ಸವಾರರ ಸರದಿ. ಊರಿನ ಒಂದು ಪಕ್ಕ ಕಡಿದಾದ ಬೆಟ್ಟ, ಇನ್ನೊಂದು ಪಕ್ಕ ಕಿಶೋನ್ ಎಂಬ ಹೊಳೆ, ನಡುವೆ ಕಿರಿದಾದ ದಾರಿ. ಎದುರಿಗೆ ಮೆಷಿನ್ ಗನ್ನುಗಳು. ಸವಾರರ ಕೈಯಲ್ಲಿದ್ದದ್ದು ಈಟಿ ಮತ್ತು ಕತ್ತಿ.

ಮೈಸೂರಿನ ಒಂದು ತುಕಡಿ ಬೆಟ್ಟದ ಮೇಲಿನ ತೋಪುಗಳನ್ನು ಹಿಡಿಯಲು ಇಳಿಜಾರು ಹತ್ತಿತು. ಮಧ್ಯಾಹ್ನ ಎರಡು ಗಂಟೆಗೆ ಕೆಳಗೆ ಜೋಧಪುರದವರು ನುಗ್ಗಿದರು. ಹೊಳೆಯ ದಡದ ಹುದುಲಿನಲ್ಲಿ ಕುದುರೆಗಳು ಹೂತುಹೋದವು. ಅವರು ದಿಕ್ಕು ತಿರುಗಿಸಿ ಬೆಟ್ಟದ ಬುಡದಿಂದ ಊರಿಗೆ ನುಗ್ಗಿದರು, ಮೈಸೂರಿನ ಉಳಿದ ಸವಾರರು ಹಿಂದೆಯೇ ಹೋದರು. ಸಂಜೆಯೊಳಗೆ ಹೈಫಾ ಕೈವಶವಾಯಿತು. 1,350 ಮಂದಿ ಸೆರೆಸಿಕ್ಕರು, 17 ತೋಪುಗಳು ಸಿಕ್ಕವು. ಜೋಧಪುರದ ಮೇಜರ್ ದಲಪತ್ ಸಿಂಗ್ ಸೇರಿ ಈ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34. ಸತ್ತ ಕುದುರೆಗಳು 60.

ಆ 60 ಎಂಬ ಸಂಖ್ಯೆ ನನ್ನನ್ನು ಹಿಡಿದು ನಿಲ್ಲಿಸಿತು. ನಾವು ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ಕುಣಿಗಲ್ ಸ್ಟಡ್ ಫಾರಂನ ಕುದುರೆಗಳನ್ನು ನೋಡುತ್ತಾ ಬೆಳೆದವರು. ಟಿಪ್ಪುವಿನ ಕಾಲದಿಂದ ದಂಡಿಗೆಂದು ಕುದುರೆ ಸಾಕಿದ ಸೀಮೆ ನಮ್ಮದು. ಕುದುರೆಗೆ ಯಾವ ರಾಜ, ಯಾವ ಸಾಮ್ರಾಜ್ಯ? ಸವಾರನ ಕಾಲು ಒತ್ತಿದ ಕಡೆ ಓಡುವುದಷ್ಟೇ ಅದಕ್ಕೆ ಗೊತ್ತು.

ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ. ಅದನ್ನು ಬಹಳ ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ನಾವು ಒಂದು ಹಿಡಿ ಹೂವಿಟ್ಟು ಕೈಮುಗಿದು ಬಂದೆವು. ಈ ಕದನದ ಕಥೆಯನ್ನು ಶಾಲೆಗಳಲ್ಲಿ ಪಾಠ ಮಾಡಬೇಕೆಂದು ಅಲ್ಲಿನ ನಗರಸಭೆ 2012ರಲ್ಲಿ ತೀರ್ಮಾನಿಸಿತು. ನಮ್ಮ ಪಠ್ಯದಲ್ಲಿ ನಾನು ಕಾಣದ ನಮ್ಮವರ ಕಥೆಗೆ ಪರದೇಶದ ಮಕ್ಕಳ ಪುಸ್ತಕದಲ್ಲಿ ಜಾಗ!

ಮಧ್ಯಾಹ್ನ ಕೊಲ್ಲಿಯ ಆಚೆಯ ಆಕ್ರೆಗೆ ಹೋದೆವು. ಸಮುದ್ರದ ಅಲೆ ಬಡಿಯುವ ದಪ್ಪ ಕೋಟೆಗೋಡೆ ಕಂಡಾಗ ನನಗೆ ಶ್ರೀರಂಗಪಟ್ಟಣವೇ ಕಣ್ಣಿಗೆ ಬಂತು. ಕಾರಣವಿದೆ. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದಿದ್ದ. ಇಂಗ್ಲಿಷರ ಹಿಡಿತದಿಂದ ನಿಮ್ಮನ್ನು ಬಿಡಿಸುವ ಆಸೆಯಿದೆ ಎಂಬುದು ಅದರ ತಾತ್ಪರ್ಯ. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. ಮಾರ್ಚ್‌ನಲ್ಲಿ ನೆಪೋಲಿಯನ್ ಇದೇ ಆಕ್ರೆಗೆ ಮುತ್ತಿಗೆ ಹಾಕಿದ. ಅವನ ತೋಪುಗಳನ್ನು ಹೊತ್ತ ಹಡಗುಗಳನ್ನು ಇಂಗ್ಲಿಷರು ಕಡಲಲ್ಲೇ ಹಿಡಿದರು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಅದೇ ತಿಂಗಳ ಇಪ್ಪತ್ತರ ಸುಮಾರಿಗೆ ನೆಪೋಲಿಯನ್ ಮುತ್ತಿಗೆ ಕೈಬಿಟ್ಟು ಹಿಂದಿರುಗಿದ.

ಕೋಟೆಯ ಮೇಲೆ ಕುಳಿತು ಕಾರ್ಮೆಲ್ ಬೆಟ್ಟವನ್ನು ನೋಡಿದೆ. 1799ರಲ್ಲಿ ಇಂಗ್ಲಿಷರ ವಿರುದ್ಧ ಪ್ರಾಣ ಕೊಟ್ಟದ್ದೂ ಮೈಸೂರೇ, 119 ವರ್ಷಗಳ ನಂತರ ಇದೇ ಕೊಲ್ಲಿಯಲ್ಲಿ ಇಂಗ್ಲಿಷರಿಗಾಗಿ ಪ್ರಾಣ ಕೊಟ್ಟದ್ದೂ ಮೈಸೂರೇ. ಯಾವುದನ್ನು ಹೆಮ್ಮೆಯೆನ್ನೋಣ, ಯಾವುದನ್ನು ಮರೆಯೋಣ? ನನಗೆ ತೋಚಿದ್ದು ಇಷ್ಟು: ಯಾರ ಪರವಾಗಿ ಕಾದಬೇಕೆಂದು ಅರಮನೆಗಳು ತೀರ್ಮಾನಿಸಿದವು, ಪರದೇಶದ ಮಣ್ಣಿಗೆ ಬಿದ್ದವರು ಮಾತ್ರ ನಮ್ಮಂಥ ಮನೆಗಳ ಮಕ್ಕಳು. ಸಾಮ್ರಾಜ್ಯವನ್ನು ಒಪ್ಪದೆಯೂ ಅವರನ್ನು ನೆನೆಯಬಹುದು.

ಊರಿಗೆ ಬಂದ ಮೇಲೆ ಮೇಷ್ಟ್ರಿಗೆ ಇದನ್ನೆಲ್ಲ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಆದ್ದರಿಂದ ಈಗಿನ ಮಕ್ಕಳಿಗೆ ಹೇಳುತ್ತಿದ್ದೇನೆ. ಹೈಫಾಕ್ಕೇ ಹೋಗಬೇಕಾಗಿಲ್ಲ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಸೈನಿಕರ ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಅದೂ ದೂರವಾದರೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕಸ್ತಂಭವಿದೆ. ನಮ್ಮ ಶಿಕ್ಷಕರು ಮುಂದಿನ ಶಾಲಾ ಪ್ರವಾಸದಲ್ಲಿ ಅರ್ಧ ಗಂಟೆ ಅಲ್ಲಿ ಬಸ್ಸು ನಿಲ್ಲಿಸಲಿ ಎಂಬುದು ಈ ಹಳೆಯ ವಿದ್ಯಾರ್ಥಿಯ ವಿನಂತಿ. ಪರೀಕ್ಷೆಗೆ ಬರದ ಪಾಠವನ್ನೂ ನಮ್ಮ ಮಕ್ಕಳು ಕಲಿಯಲಿ.