ಜೀವವಿಜ್ಞಾನ ಶಿಕ್ಷಕರ ಬೇಸಿಗೆ ತರಬೇತಿ, ಕರ್ನಾಟಕದಲ್ಲಿ

ಪ್ರೌಢಶಾಲೆಯ ಜೀವವಿಜ್ಞಾನ ಶಿಕ್ಷಕರಿಗೆ ಬೇಸಿಗೆ ರಜೆಯಲ್ಲಿ ನಡೆಸುವ ಸೇವಾನಿರತ ಶಿಕ್ಷಣ. ಕೋಶ, ತಳಿ, ಅಣುಜೀವವಿಜ್ಞಾನಗಳ ಹೊಸ ತಿಳಿವಳಿಕೆ ಹಾಗೂ ಪ್ರಯೋಗಗಳು ಇದರ ತಿರುಳು. ರಾಜ್ಯದಲ್ಲಿ ಈ ಶಿಕ್ಷಕರನ್ನು ರೂಢಿಯಲ್ಲಿ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿವಿಜ್ಞಾನಗಳ ಇಂಗ್ಲಿಷ್ ಮೊದಲಕ್ಷರಗಳು) ಮೇಷ್ಟ್ರು ಎನ್ನುತ್ತಾರೆ. ರಸಾಯನವಿಜ್ಞಾನದ ಪಾಠವೂ ಬಹುಮಟ್ಟಿಗೆ ಅವರದೇ.

ಇತಿಹಾಸ

1957ರಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹ ಹಾರಿದ ಮೇಲೆ ಅಮೆರಿಕ ಶಾಲಾ ವಿಜ್ಞಾನವನ್ನು ತಿದ್ದಲು ಹೊರಟಿತು. 1958ರಲ್ಲಿ ಬಿಎಸ್‌ಸಿಎಸ್ ಎಂಬ ಜೀವವಿಜ್ಞಾನ ಪಠ್ಯಕ್ರಮ ಸಂಸ್ಥೆ ಹುಟ್ಟಿತು. ಅದರ ಪಠ್ಯಗಳು ಗಿಡ, ಪ್ರಾಣಿಗಳ ವರ್ಗೀಕರಣದ ಬಾಯಿಪಾಠಕ್ಕಿಂತ ಪ್ರಶ್ನೆ ಕೇಳುವುದಕ್ಕೆ, ಪ್ರಯೋಗ ಮಾಡುವುದಕ್ಕೆ ಒತ್ತು ಕೊಟ್ಟವು. ಭಾರತದಲ್ಲಿ ಶಿಕ್ಷಕರ ಬೇಸಿಗೆ ಶಿಬಿರಗಳು 1963ರಲ್ಲಿ ಅಮೆರಿಕದ ನೆರವಿನಿಂದ ಆರಂಭವಾದವು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು (ಈಗ ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಸ್ಥಾಪನೆಯಾದದ್ದೂ ಅದೇ ವರ್ಷ. ಐದು ವರ್ಷಕ್ಕೊಮ್ಮೆ ಎರಡು ಮೂರು ತಿಂಗಳ ತರಬೇತಿ ಬೇಕೆಂದು ಕೊಠಾರಿ ಆಯೋಗ (1964–66) ಹೇಳಿತು.

ಪ್ರಯೋಗಗಳು

ಇಂಥ ತರಬೇತಿಗಳಲ್ಲಿ ಬಾಳೆಹಣ್ಣಿನಿಂದ ಡಿಎನ್‌ಎ ತೆಗೆಯುವುದು ಅಚ್ಚುಮೆಚ್ಚಿನ ಪ್ರಯೋಗ. ಪಾತ್ರೆ ತೊಳೆಯುವ ಸೋಪು ಕೋಶಪೊರೆಯನ್ನು ಒಡೆಯುತ್ತದೆ. ಉಪ್ಪು ಡಿಎನ್‌ಎಯ ಋಣಾವೇಶವನ್ನು ಮರೆಮಾಡುತ್ತದೆ. ತಣ್ಣನೆಯ ಆಲ್ಕೊಹಾಲ್ ಸುರಿದರೆ ಬಿಳಿ ಎಳೆಗಳು ಮೇಲೇಳುತ್ತವೆ. ಅವು ಶುದ್ಧ ಡಿಎನ್‌ಎ ಅಲ್ಲ, ಆರ್‌ಎನ್‌ಎ ಮತ್ತು ಪ್ರೋಟೀನೂ ಬೆರೆತಿರುತ್ತವೆ. ಇದನ್ನು ಮಕ್ಕಳಿಗೂ ಹೇಳಬೇಕು.

ಡಿಎನ್‌ಎ ತುಂಡುಗಳನ್ನು ವಿದ್ಯುತ್ತಿನಿಂದ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಎಲೆಕ್ಟ್ರೊಫೊರೆಸಿಸ್‌ಗೆ ಸಲಕರಣೆ ಬೇಕು. ಡಿಎನ್‌ಎ ಧನ ಧ್ರುವದತ್ತ ಸರಿಯುತ್ತದೆ, ಚಿಕ್ಕ ತುಂಡುಗಳು ಮುಂದೆ ಓಡುತ್ತವೆ. 48,502 ಬೇಸ್ ಜೋಡಿಗಳಿರುವ ಲ್ಯಾಂಬ್ಡಾ ವೈರಸ್ಸಿನ ಡಿಎನ್‌ಎಯನ್ನು ಇಕೋಆರ್‌ಐ ಕಿಣ್ವ ಐದು ಕಡೆ ಕತ್ತರಿಸಿ ಆರು ತುಂಡು ಮಾಡುತ್ತದೆ. ಜೆಲ್‌ನಲ್ಲಿ ಕಣ್ಣಿಗೆ ಕಾಣುತ್ತ ಸಾಗುವ ನೀಲಿ ಪಟ್ಟೆ ಡಿಎನ್‌ಎ ಅಲ್ಲ, ಜೊತೆಗೆ ಹಾಕಿದ ಬಣ್ಣ. ಚಿತ್ರ ನೋಡಿ ಕಲಿತವರು ಎಡವುವುದು ಇಲ್ಲೇ. ತುಂಡುಗಳು ಕಾಣಲು ಜೆಲ್‌ಗೆ ಬೇರೆಯೇ ಬಣ್ಣ ಹಿಡಿಸಬೇಕು. ಶಾಲೆಗಳಿಗೆ ಎಥಿಡಿಯಂ ಬ್ರೋಮೈಡ್ ಸಲ್ಲದು. ಮೆಥಿಲೀನ್ ಬ್ಲೂ ಸಾಕು.

ಈಗಿನ ಸ್ಥಿತಿ

ಭಾರತೀಯ ವಿಜ್ಞಾನ ಸಂಸ್ಥೆಯು ಚಳ್ಳಕೆರೆ ತಾಲ್ಲೂಕಿನ ಕುದಾಪುರ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಾಧಾರಿತ ತರಬೇತಿ ಕೊಡುತ್ತದೆ. ಅದು ಬೇಸಿಗೆಗಷ್ಟೇ ಸೀಮಿತವಲ್ಲ. ಬೆಂಗಳೂರಿನ ಚಂದ್ರಾ ಲೇಔಟ್ ಕಡೆಯ ಶಿಕ್ಷಕರಿಗೆ ಅದು ಸುಮಾರು 200 ಕಿ.ಮೀ. ದೂರ. ಆದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಅವರಿಗೆ ಹತ್ತಿರದಲ್ಲೇ ಇದೆ. ಅದರ ಪ್ರಯೋಗಾಲಯಗಳು ರಜೆಯಲ್ಲಿ ಸುತ್ತಲಿನ ಶಾಲಾ ಶಿಕ್ಷಕರಿಗೆ ತೆರೆದರೆ ದೊಡ್ಡ ಉಪಕಾರ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆಯನ್ನು ನಿಗದಿಪಡಿಸಿದೆ. ಜೀವವಿಜ್ಞಾನದ ಮಟ್ಟಿಗೆ ಅದರಲ್ಲಿ ಅರ್ಧವಾದರೂ ಪ್ರಯೋಗಾಲಯದಲ್ಲಿ ಕಳೆಯಬೇಕು.