ಭಾನುವಾರದ ಬಸ್ಸಿನ ಹಿಂದಿನ ಕಥೆ

ತುಂಗಭದ್ರೆಯ ದಡದ ಮುಕ್ಕುಂದದಂಥ ಊರಿನಲ್ಲಿ ವಾರದ ಲೆಕ್ಕ ಸಂತೆಯಿಂದ. ಸಂತೆಯ ದಿನ ಸಿಂಧನೂರಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಂಥ ಊರಿನಿಂದ ಯುರೋಪಿಗೆ ಓದಲು ಹೋದವರಿಗೆ ಮೊದಲ ಭಾನುವಾರ ವಿಚಿತ್ರವಾಗಿ ಕಾಣುತ್ತದೆ. ನಿನ್ನೆ ಮೊನ್ನೆಯವರೆಗೆ ಬೆಳಿಗ್ಗೆ ಆರಕ್ಕೇ ಓಡುತ್ತಿದ್ದ ಬಸ್ಸು ಇಂದು ಒಂಬತ್ತಾದರೂ ಸುಳಿವಿಲ್ಲ. ಇದು ವ್ಯವಸ್ಥೆಯ ಸೋಮಾರಿತನವಲ್ಲ, ಸುಮಾರು ಇನ್ನೂರು ವರ್ಷಗಳ ಜಗಳದ ಉಳಿಕೆ.

1830ರಲ್ಲಿ ಶುರುವಾದ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಭಾನುವಾರ ಚರ್ಚಿನ ಪ್ರಾರ್ಥನೆಯ ಹೊತ್ತಿಗೆ ಓಡುತ್ತಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ವಿರೋಧ ಇನ್ನೂ ಗಟ್ಟಿ. ಎಡಿನ್‌ಬರೋ–ಗ್ಲಾಸ್ಗೋ ಮಾರ್ಗದ ಭಾನುವಾರದ ಪ್ರಯಾಣಿಕರ ರೈಲುಗಳು 1846ರಲ್ಲಿ ನಿಂತವು, ಮತ್ತೆ ಓಡಿದ್ದು 1865ರಲ್ಲಿ. 1883ರಲ್ಲಿ ಸ್ಟ್ರೋಮ್ ಫೆರಿಯ ಜನ ಭಾನುವಾರ ಮೀನು ಸಾಗಿಸುವುದನ್ನು ತಡೆದು ನಿಂತರು, ಹತ್ತು ಜನ ಜೈಲಿಗೂ ಹೋದರು. ಅದೇ ಸ್ಕಾಟ್ಲೆಂಡಿನ ಸ್ಟಾರ್ನೊವೇ ದ್ವೀಪಪಟ್ಟಣದಿಂದ ಭಾನುವಾರದ ಹಡಗು ಹೊರಟಿದ್ದು 2009ರಲ್ಲಷ್ಟೇ.

ಜರ್ಮನಿಯಲ್ಲಿ ಭಾನುವಾರದ ವಿಶ್ರಾಂತಿ 1919ರ ವೈಮಾರ್ ಸಂವಿಧಾನದಲ್ಲಿಯೇ ಬಂತು. ಇಂದಿನ ಸಂವಿಧಾನವೂ ಆ ವಿಧಿಯನ್ನು ಉಳಿಸಿಕೊಂಡಿದೆ. ಅಲ್ಲಿನ ವೇಳಾಪಟ್ಟಿಗಳಲ್ಲಿ ಅಡ್ಡಲಾಗಿ ಇಟ್ಟ ಎರಡು ಸುತ್ತಿಗೆಗಳ ಗುರುತು ಕೆಲಸದ ದಿನಗಳಿಗೆ, ಶಿಲುಬೆಯ ಗುರುತು ಭಾನುವಾರ ಮತ್ತು ಹಬ್ಬಗಳಿಗೆ. 'ವೆರ್ಕ್‌ಟಾಗ್ಸ್' ಎಂದಿದ್ದರೆ ಶನಿವಾರವೂ ಸಾಮಾನ್ಯವಾಗಿ ಅದರೊಳಗೆ ಸೇರುತ್ತದೆ. ಮಂಗಳವಾರ ಬಂದ ಸಾರ್ವಜನಿಕ ರಜೆಯ ದಿನ ನೋಡಬೇಕಾದದ್ದು ಮಂಗಳವಾರದ ಕಂಬಸಾಲನ್ನಲ್ಲ, ಭಾನುವಾರದ್ದನ್ನು. ಇದು ತಿಳಿದವರು ನಿಲ್ದಾಣದಲ್ಲಿ ಸುಮ್ಮನೆ ಕಾಯುವುದಿಲ್ಲ.

ನಮಗೆ ಭಾನುವಾರದ ರಜೆ ಬೇರೆ ದಾರಿಯಿಂದ ಬಂತು. ಬ್ರಿಟಿಷರ ಕಚೇರಿಗಳಿಗೆ ಅದು ಮೊದಲೇ ಸಿಕ್ಕಿತ್ತು. ಬೊಂಬಾಯಿಯ ಗಿರಣಿ ಕಾರ್ಮಿಕರಿಗೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ, 1890ರಲ್ಲಿ. ಮುಕ್ಕುಂದದ ಕಥೆ ಇನ್ನೂ ಬೇರೆ. ರಾಯಚೂರು ಸೀಮೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಅಲ್ಲಿ ಸರ್ಕಾರಿ ವಾರದ ರಜೆ ಶುಕ್ರವಾರ. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಶುಕ್ರವಾರದ ಜಾಗಕ್ಕೆ ಭಾನುವಾರ ಬಂತು. ಯಾವ ದಿನ ಬಿಡುವು ಎನ್ನುವುದನ್ನು ಪಂಚಾಂಗಕ್ಕಿಂತ ಹೆಚ್ಚಾಗಿ ಅಧಿಕಾರವೇ ನಿರ್ಧರಿಸುತ್ತದೆ ಎಂಬುದನ್ನು ನಮ್ಮ ಅಜ್ಜಂದಿರ ತಲೆಮಾರು ಕಣ್ಣಾರೆ ಕಂಡಿದೆ.

ಆದ್ದರಿಂದ ವೇಳಾಪಟ್ಟಿಯನ್ನು ಓದುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾರ ವಿಶ್ರಾಂತಿಯನ್ನು ನೆನೆದು ಬರೆದದ್ದು? ಬ್ರಿಟನ್ನಿನ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1994ರ ಕಾನೂನು ದೊಡ್ಡ ಅಂಗಡಿಗಳಿಗೂ ಭಾನುವಾರ ಬಾಗಿಲು ತೆರೆಯಲು ಅವಕಾಶ ಕೊಟ್ಟಿತು. ಬಸ್ಸು ರೈಲುಗಳು ಮಾತ್ರ ಅನೇಕ ಕಡೆ ಹಳೆಯ ಭಾನುವಾರದಲ್ಲೇ ಉಳಿದವು. ಹಳಿಗಳ ದುರಸ್ತಿಗೂ ಅದೇ ದಿನವನ್ನು ಆರಿಸುತ್ತಾರೆ. ಶುಲ್ಕಕ್ಕಾಗಿ ಭಾನುವಾರ ಬೆಳಗಿನ ಪಾಳಿ ಹಿಡಿದ ವಿದ್ಯಾರ್ಥಿ ಆ ಅಂಗಡಿಗೆ ಹೋಗಬೇಕು, ಹೋಗುವ ಬಸ್ಸಿಲ್ಲ. ಟ್ಯಾಕ್ಸಿ ಹಿಡಿದರೆ ಮೊದಲ ಗಂಟೆಯ ಕೂಲಿ ಅದಕ್ಕೇ ಹೋಯಿತು.

ಹಾಗೆಂದು ಚಾಲಕನ ಬಿಡುವನ್ನು ಕಿತ್ತುಕೊಳ್ಳಿ ಎನ್ನುವುದು ನ್ಯಾಯವಲ್ಲ. ಲೋಖಂಡೆಯವರು ಹೋರಾಡಿದ್ದು ಅದಕ್ಕಾಗಿಯೇ. ಊರೆಲ್ಲ ಮನೆಯಲ್ಲಿದ್ದ ಕಾಲಕ್ಕೆ ಬರೆದ ಪಟ್ಟಿಯನ್ನು, ಊರಿನ ಅರ್ಧ ಜನ ದುಡಿಯಲು ಹೊರಡುವ ಕಾಲಕ್ಕೂ ಹಾಗೇ ತೂಗುಹಾಕುವುದು ಮಾತ್ರ ಕಷ್ಟ. ವಾರದಲ್ಲಿ ಒಂದು ದಿನ ಎಲ್ಲರಿಗೂ ಬಿಡುವು ಬೇಕು. ಅದು ಎಲ್ಲರಿಗೂ ಒಂದೇ ದಿನವಾಗಿರುವುದು ನಿಂತುಹೋಗಿ ಬಹಳ ಕಾಲವಾಯಿತು.